166 ಬಂದಿದೆ, ಮತ್ತೆ ಬರೆಯಬೇಕೇ? ಕ್ವಾಂಟ್ ಫೈನಾನ್ಸ್ ಸ್ನಾತಕೋತ್ತರಕ್ಕೆ ಯಾವ ಪರೀಕ್ಷೆ, ಎಷ್ಟು ಅಂಕ

ಸಿಇಟಿ ಬರೆದು ಬೆಳೆದವರಿಗೆ ಪರೀಕ್ಷೆ ಎಂದರೆ ರ‍್ಯಾಂಕ್, ರ‍್ಯಾಂಕ್ ಎಂದರೆ ಸೀಟು. ಹತ್ತು ರ‍್ಯಾಂಕ್ ಹಿಂದೆ ಬಿದ್ದವನಿಗೆ ಕಂಪ್ಯೂಟರ್ ಸೈನ್ಸ್ ತಪ್ಪಿ ಮೆಕ್ಯಾನಿಕಲ್ ಸಿಕ್ಕಿದ್ದನ್ನು ಎಲ್ಲರೂ ಕಂಡಿದ್ದೇವೆ. ಅದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಅಮೆರಿಕದ ಫೈನಾನ್ಷಿಯಲ್ ಎಂಜಿನಿಯರಿಂಗ್ ಅಥವಾ ಮ್ಯಾಥಮೆಟಿಕಲ್ ಫೈನಾನ್ಸ್ ಪದವಿಗೆ (ಹಣಕಾಸಿನ ಲೆಕ್ಕಾಚಾರಕ್ಕೆ ಗಣಿತ, ಪ್ರೋಗ್ರಾಮಿಂಗ್ ಬಳಸುವ ಈ ಓದಿಗೆ ಒಟ್ಟಾಗಿ ಕ್ವಾಂಟ್ ಫೈನಾನ್ಸ್ ಎನ್ನುತ್ತಾರೆ) ಅರ್ಜಿ ಹಾಕಲು ಕುಳಿತರೆ ದಾರಿ ತಪ್ಪುತ್ತದೆ. ನಾನೂ ಒಮ್ಮೆ ತಪ್ಪಿದ್ದೇನೆ.

ಕಳೆದ ತಿಂಗಳು ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನ ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದಾನೆ. "ಅಣ್ಣಾ, ಜಿಆರ್‌ಇ ಕ್ವಾಂಟ್‌ನಲ್ಲಿ 166 ಬಂತು. ಮತ್ತೆ ಬರೆಯಲೇ, ಜಿಮ್ಯಾಟ್ ಕಡೆ ಹೋಗಲೇ, ಅಥವಾ ಅಂಕವೇ ಬೇಡ ಎನ್ನುವ ಕೋರ್ಸುಗಳನ್ನು ಮಾತ್ರ ಹುಡುಕಲೇ?" ಜಿಆರ್‌ಇ, ಜಿಮ್ಯಾಟ್ ಎರಡೂ ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಪರೀಕ್ಷೆಗಳು; ಜಿಮ್ಯಾಟ್ ಹೆಚ್ಚಾಗಿ ಬಿಸಿನೆಸ್ ಶಾಲೆಗಳಿಗೆ. ಅವನಿಗೆ ಅರ್ಧ ಗಂಟೆಯಲ್ಲಿ ಗಡಿಬಿಡಿಯಿಂದ ಹೇಳಿದ್ದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಅಂಕದ ಕೆಲಸ ಎಲ್ಲಿಯವರೆಗೆ

ಜಿಆರ್‌ಇಯ ಕ್ವಾಂಟ್, ಅಂದರೆ ಗಣಿತ ವಿಭಾಗದ ಅಂಕ 130ರಿಂದ 170. ಇಂಗ್ಲಿಷಿನ ವಿಭಾಗವಾದ ವರ್ಬಲ್‌ಗೂ ಅಷ್ಟೇ. ಆದರೆ ಎರಡೂ 170ಗಳು ಒಂದೇ ಅಲ್ಲ. ವರ್ಬಲ್‌ನಲ್ಲಿ 170 ತೆಗೆದವರು 99ನೆಯ ಪರ್ಸೆಂಟೈಲಿನಲ್ಲಿ ಕೂರುತ್ತಾರೆ, ಅಂದರೆ ಬರೆದವರಲ್ಲಿ ನೂರಕ್ಕೆ 99 ಮಂದಿ ಅವರಿಗಿಂತ ಕೆಳಗೆ. ಕ್ವಾಂಟ್‌ನಲ್ಲಿ ಪೂರ್ಣಾಂಕ ತೆಗೆದರೂ ಪರ್ಸೆಂಟೈಲ್ 90ರ ಸ್ವಲ್ಪ ಮೇಲಕ್ಕೆ ನಿಂತುಬಿಡುತ್ತದೆ. ಈ ಪರೀಕ್ಷೆ ಬರೆಯುವವರಲ್ಲಿ ಭಾರತ ಮತ್ತು ಚೀನಾದ ಎಂಜಿನಿಯರಿಂಗ್ ಪದವೀಧರರದು ದೊಡ್ಡ ಪಾಲು, ಅವರಿಗೆ ಹತ್ತನೆಯ ತರಗತಿಯ ಬೀಜಗಣಿತ ನೀರು ಕುಡಿದಷ್ಟು ಸುಲಭ. ಹೀಗಾಗಿ ತುದಿಯಲ್ಲಿ ನೂಕುನುಗ್ಗಲು. 166 ಬಂದವನಷ್ಟೋ ಅವನಿಗಿಂತ ಹೆಚ್ಚೋ ತೆಗೆದವರು ಸರಿಸುಮಾರು ನಾಲ್ವರಲ್ಲಿ ಒಬ್ಬರಿರುತ್ತಾರೆ. ಅದೂ ಸಾಹಿತ್ಯ, ಸಮಾಜಶಾಸ್ತ್ರದವರನ್ನೂ ಸೇರಿಸಿದ ಲೆಕ್ಕ. ಕ್ವಾಂಟ್ ಫೈನಾನ್ಸ್ ಅರ್ಜಿದಾರರನ್ನು ಮಾತ್ರ ಒಂದು ಕೋಣೆಯಲ್ಲಿ ಕೂರಿಸಿದರೆ 166 ಕೆಳಗಿನ ಬೆಂಚಿನ ಅಂಕ. ಮುಂಚೂಣಿಯ ಕೋರ್ಸುಗಳು ತಮ್ಮ ತರಗತಿಯ ಸರಾಸರಿಯನ್ನು ಪ್ರಕಟಿಸಿದಾಗ ಅದು 167ರಿಂದ 169ರ ನಡುವೆ ಇರುವುದೇ ಹೆಚ್ಚು.

ಇದನ್ನು ಓದಿ ಗಾಬರಿಯಾಗಬೇಡಿ. ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಇರುವುದಿಲ್ಲ. ಅದು ಇಲ್ಲದವನು ಮಾತ್ರ ಕಣ್ಣಿಗೆ ಬೀಳುತ್ತಾನೆ. 170 ನಿಮ್ಮನ್ನು ಒಳಗೆ ಸೇರಿಸುವುದಿಲ್ಲ, 160 ನಿಮ್ಮನ್ನು ಹೊರಗಿಡಬಹುದು. ಇದು ಜರಡಿ, ತಕ್ಕಡಿಯಲ್ಲ.

ಏಕೆ ಎಂದು ತಿಳಿಯಲು ಪ್ರಶ್ನೆಯ ರುಚಿ ನೋಡಬೇಕು. ಒಂದು ಸಂಖ್ಯೆಯ ವರ್ಗ 16. ಎಡ ಅಂಕಣದಲ್ಲಿ ಆ ಸಂಖ್ಯೆ, ಬಲ ಅಂಕಣದಲ್ಲಿ 4. ಯಾವುದು ದೊಡ್ಡದು? ಅವಸರದಲ್ಲಿ "ಎರಡೂ ಸಮ" ಎಂದು ಗುಂಡಿ ಒತ್ತುತ್ತೇವೆ. ಸಂಖ್ಯೆ ಮೈನಸ್ 4 ಕೂಡ ಆಗಬಹುದು, ಆದ್ದರಿಂದ ಸರಿಯುತ್ತರ "ಹೇಳಲು ಬರುವುದಿಲ್ಲ". ಇಲ್ಲಿ ಪರೀಕ್ಷೆಯಾಗುವುದು ಎಚ್ಚರ. ಗಣಿತ ಇಲ್ಲಿ ಹೈಸ್ಕೂಲು ದಾಟುವುದೇ ಇಲ್ಲ.

ಈಗ ಇನ್ನೊಂದು ಪ್ರಶ್ನೆ. ನಾಣ್ಯ ಚಿಮ್ಮುತ್ತಾ ಹೋಗಿ, ಒಂದರ ಹಿಂದೊಂದು ಎರಡು ಹೆಡ್ ಬಿದ್ದೊಡನೆ ನಿಲ್ಲಿಸಿ. ಸರಾಸರಿ ಎಷ್ಟು ಸಲ ಚಿಮ್ಮಬೇಕು? ಎರಡು ಹೆಡ್‌ನ ಬದಲು ಹೆಡ್ ಆದ ಮೇಲೆ ಟೇಲ್‌ಗಾಗಿ ಕಾದರೆ ಎಷ್ಟು? ಮೊದಲನೆಯದಕ್ಕೆ 6, ಎರಡನೆಯದಕ್ಕೆ 4. ಮೊದಲನೆಯದರಲ್ಲಿ ಒಂದು ಹೆಡ್ ಬಿದ್ದ ಮೇಲೆ ಟೇಲ್ ಬಿದ್ದರೆ ಕೂಡಿಟ್ಟಿದ್ದೆಲ್ಲ ಹೋಗಿ ಮತ್ತೆ ಸೊನ್ನೆಯಿಂದ ಶುರು. ಎರಡನೆಯದರಲ್ಲಿ ಟೇಲ್ ಬದಲು ಹೆಡ್ ಬಿದ್ದರೂ ಇದ್ದ ಜಾಗದಲ್ಲೇ ಇರುತ್ತೀರಿ, ಏನೂ ಕಳೆದುಕೊಳ್ಳುವುದಿಲ್ಲ. ಪ್ರವೇಶದ ಸಂದರ್ಶನದಲ್ಲಿ, ಆಮೇಲೆ ಕೆಲಸದ ಸಂದರ್ಶನದಲ್ಲಿ ಕೇಳುವುದು ಈ ಜಾತಿಯ ಪ್ರಶ್ನೆ. ಇದಕ್ಕೂ ಜಿಆರ್‌ಇಗೂ ನೆಂಟಸ್ತಿಕೆಯೇ ಇಲ್ಲ. ನಾನು 2016ರಲ್ಲಿ ಮೊದಲ ಸಲ 162 ತೆಗೆದು, ಹಟಕ್ಕೆ ಬಿದ್ದು ಎರಡು ತಿಂಗಳು ಕುಳಿತು 168 ಮಾಡಿಕೊಂಡೆ. ಆಮೇಲಿನ ಒಂದು ಸಂದರ್ಶನದಲ್ಲಿ ಇದೇ ನಾಣ್ಯದ ಮುಂದೆ ಎರಡಕ್ಕೂ "4" ಎಂದು ಹೇಳಿ ಕುಳಿತೆ. ಎದುರಿಗಿದ್ದವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಪತ್ರ ಬಂದಾಗ ಅದರಲ್ಲಿ ಏನಿರುತ್ತದೆಂದು ಒಡೆಯುವ ಮೊದಲೇ ಗೊತ್ತಿತ್ತು.

ಜಿಆರ್‌ಇಯೋ ಜಿಮ್ಯಾಟೋ

ಎರಡೂ ಇತ್ತೀಚೆಗೆ ಮೈ ಇಳಿಸಿಕೊಂಡಿವೆ. ಜಿಆರ್‌ಇ 2023ರ ಸೆಪ್ಟೆಂಬರಿನಿಂದ 1 ಗಂಟೆ 58 ನಿಮಿಷದ ಪರೀಕ್ಷೆ: ಒಂದು ಪ್ರಬಂಧ, ವರ್ಬಲ್‌ನ ಎರಡು ಭಾಗ, ಕ್ವಾಂಟ್‌ನ ಎರಡು ಭಾಗ. ಕ್ವಾಂಟ್‌ನಲ್ಲಿ ಒಟ್ಟು 27 ಪ್ರಶ್ನೆ, 47 ನಿಮಿಷ, ಪರದೆಯ ಮೇಲೆ ಕ್ಯಾಲ್ಕುಲೇಟರ್ ಉಂಟು. ಮೊದಲ ಭಾಗದ 12 ಪ್ರಶ್ನೆ ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯ ಭಾಗದ ಕಷ್ಟ ನಿರ್ಧಾರವಾಗುತ್ತದೆ, ಆದ್ದರಿಂದ ಮೊದಲ 21 ನಿಮಿಷದಲ್ಲಿ ನಿದ್ದೆಗಣ್ಣು ಇರಬಾರದು. ನಮ್ಮ ಕಾಲದ ಮೂರೂ ಮುಕ್ಕಾಲು ಗಂಟೆಯ ಪರೀಕ್ಷೆಯಲ್ಲಿ ಒಂದೆರಡು ತಪ್ಪನ್ನು ಅರಗಿಸಿಕೊಳ್ಳುವಷ್ಟು ಪ್ರಶ್ನೆಗಳಿದ್ದವು. ಈಗ ತಪ್ಪಿನ ಭಾರ ಹೆಚ್ಚು.

ಜಿಮ್ಯಾಟ್‌ನ ಹಳೆಯ ರೂಪ 2024ರ ಜನವರಿಗೆ ಮುಗಿಯಿತು. ಈಗಿನದು 2 ಗಂಟೆ 15 ನಿಮಿಷ; ಕ್ವಾಂಟ್, ವರ್ಬಲ್, ಡೇಟಾ ಇನ್‌ಸೈಟ್ಸ್ ಎಂದು ತಲಾ 45 ನಿಮಿಷದ ಮೂರು ವಿಭಾಗ. ಪ್ರಬಂಧವಿಲ್ಲ, ರೇಖಾಗಣಿತವಿಲ್ಲ, ವ್ಯಾಕರಣ ತಿದ್ದುವ ಪ್ರಶ್ನೆಯೂ ಹೋಯಿತು. ಆದರೆ ಕ್ವಾಂಟ್‌ನ 21 ಪ್ರಶ್ನೆಗಳಿಗೆ ಕ್ಯಾಲ್ಕುಲೇಟರ್ ಇಲ್ಲ. ಒಟ್ಟು ಅಂಕ 205ರಿಂದ 805. ಹಳೆಯ 700ರ ಗುಂಗಿನಲ್ಲಿರುವ ಅಣ್ಣಂದಿರು 645 ಕೇಳಿದರೆ ಮೂಗು ಮುರಿಯುತ್ತಾರೆ. ಹೊಸ ಅಳತೆಯಲ್ಲಿ 645 ಎಂದರೆ ಹೆಚ್ಚುಕಡಿಮೆ ಆ ಹಳೆಯ 700ರ ಮಟ್ಟವೇ ಎಂದು ಅವರಿಗೆ ತಿಳಿಸಿ.

ಇವೆರಡರ ನಡುವೆ ಆಯ್ಕೆ ಹೇಗೆ? ಕೋರ್ಸು ಯಾವ ಮನೆಯಲ್ಲಿದೆ ಎಂದು ಮೊದಲು ನೋಡಿ. ಬರ್ಕ್ಲಿಯ ಹಾಸ್, ಲಾಸ್ ಏಂಜಲೀಸಿನ ಆಂಡರ್ಸನ್, ಎಂಐಟಿಯ ಸ್ಲೋನ್ ಬಿಸಿನೆಸ್ ಶಾಲೆಗಳು. ಅವಕ್ಕೆ ಜಿಮ್ಯಾಟ್ ಹುಟ್ಟುಭಾಷೆ, ಜಿಆರ್‌ಇಯೂ ಅಷ್ಟೇ ಪರಿಚಿತ. ಕೊಲಂಬಿಯ ಮತ್ತು ಕಾರ್ನೆಲ್‌ನ ಫೈನಾನ್ಷಿಯಲ್ ಎಂಜಿನಿಯರಿಂಗ್ ಇರುವುದು ಆಪರೇಷನ್ಸ್ ರಿಸರ್ಚ್ ವಿಭಾಗಗಳಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಂಟ್, ಶಿಕಾಗೊ, ನ್ಯೂಯಾರ್ಕಿನದೇ ಬರೂಕ್ ಕಾಲೇಜು ಗಣಿತದ ಕಡೆಯವರು. ಕಾರ್ನೆಗಿ ಮೆಲನ್‌ನ ಕೋರ್ಸು 1994ರಿಂದಲೇ ಗಣಿತ, ಸಂಖ್ಯಾಶಾಸ್ತ್ರ, ಬಿಸಿನೆಸ್, ಸಾರ್ವಜನಿಕ ನೀತಿ ಈ ನಾಲ್ಕು ಶಾಲೆಗಳ ಕೂಡುಕುಟುಂಬ. ಎಂಜಿನಿಯರಿಂಗ್ ಮತ್ತು ಗಣಿತದ ಮನೆಗಳಲ್ಲಿ ಜಿಆರ್‌ಇ ಎಲ್ಲರೂ ಓದಬಲ್ಲ ಭಾಷೆ. ಜಿಮ್ಯಾಟ್ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ನಡೆಯುವುದಿಲ್ಲ. ಹತ್ತು ಕಡೆ ಅರ್ಜಿ ಹಾಕುವವನಿಗೆ ಒಂದೇ ಪರೀಕ್ಷೆಯ ಖರ್ಚು ಸಾಕು ಎಂದಾದರೆ ಜಿಆರ್‌ಇ. ಶುಲ್ಕವೇ 20 ಸಾವಿರ ರೂಪಾಯಿ ದಾಟಿರುವಾಗ ಇದು ಸಣ್ಣ ಮಾತಲ್ಲ.

ಜಿಮ್ಯಾಟ್‌ಗೆ ನಾನು ಕಳುಹಿಸುವುದು ಎರಡೇ ಬಗೆಯವರನ್ನು. ಮುಂದೆ ಎಂಬಿಎ ಬಾಗಿಲನ್ನೂ ತೆರೆದಿಟ್ಟುಕೊಳ್ಳಬೇಕು ಎನ್ನುವವರು ಒಬ್ಬರು. ಜಿಆರ್‌ಇ ವರ್ಬಲ್‌ನ ಪದಭಂಡಾರದ ಮುಂದೆ ಕೈಚೆಲ್ಲಿದವರು ಇನ್ನೊಬ್ಬರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಲವರು ಈ ಎರಡನೆಯ ಗುಂಪಿನಲ್ಲಿದ್ದಾರೆ: ವಾಕ್ಯದ ತರ್ಕ ಅವರಿಗೆ ಸಲೀಸು, ಆದರೆ ಯಾರೂ ಬಳಸದ ಇಂಗ್ಲಿಷ್ ವಿಶೇಷಣಗಳ ಮುಂದೆ ಮಂಕಾಗುತ್ತಾರೆ. ಜಿಮ್ಯಾಟ್ ವರ್ಬಲ್‌ನಲ್ಲಿ ಈಗ ಓದಿ ಅರ್ಥಮಾಡಿಕೊಳ್ಳುವುದು ಮತ್ತು ತರ್ಕ ಇವೆರಡೇ ಇರುವುದು. ಆದರೂ ಒಂದು ಮಾತು: ಕ್ವಾಂಟ್ ಫೈನಾನ್ಸ್‌ನ ಪ್ರವೇಶ ಸಮಿತಿಗೆ ನಿಮ್ಮ ವರ್ಬಲ್ ಬಗ್ಗೆ ಅಂಥ ಕಾಳಜಿ ಇಲ್ಲ. 155ರ ಆಸುಪಾಸಿನಲ್ಲಿದ್ದರೆ ಅದಕ್ಕಾಗಿ ಪರೀಕ್ಷೆ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಿಸಿನೆಸ್ ಶಾಲೆಗಳಿಗಾದರೆ 160ರತ್ತ ಇದ್ದಷ್ಟು ಒಳ್ಳೆಯದು. ಪ್ರಬಂಧದ ಅಂಕ 6ಕ್ಕೆ 3ಕ್ಕಿಂತ ಕೆಳಗೆ ಹೋಗಬಾರದು. ಹೋದರೆ, ನೀವು ಕಳುಹಿಸಿದ ಉದ್ದೇಶಪತ್ರವನ್ನು (ಈ ಕೋರ್ಸು ಏಕೆ ಬೇಕೆಂದು ಅರ್ಜಿಯ ಜೊತೆ ಬರೆಯುವ ಬರಹ) ಬೇರೆ ಯಾರೋ ಬರೆದಿರಬೇಕು ಎನ್ನುವ ಅನುಮಾನ ಓದುವವರಿಗೆ ಬರುತ್ತದೆ.

ಗಣಿತದ ವಿಷಯ ಪರೀಕ್ಷೆ

ಜಿಆರ್‌ಇಯವರೇ ನಡೆಸುವ ಗಣಿತದ ವಿಷಯ ಪರೀಕ್ಷೆ ಬೇರೆ ಇದೆ: 66 ಪ್ರಶ್ನೆ, 2 ಗಂಟೆ 50 ನಿಮಿಷ, 200ರಿಂದ 990ರ ಅಳತೆ. ಅರ್ಧದಷ್ಟು ಕಲನಶಾಸ್ತ್ರ, ಕಾಲು ಭಾಗ ಬೀಜಗಣಿತ, ಉಳಿದದ್ದು ರಿಯಲ್ ಅನಾಲಿಸಿಸ್, ಟೋಪಾಲಜಿ ಇತ್ಯಾದಿ. ವರ್ಷದಲ್ಲಿ ಸೆಪ್ಟೆಂಬರ್, ಅಕ್ಟೋಬರ್, ಏಪ್ರಿಲ್ ಈ ಮೂರು ಹಂಗಾಮಿನಲ್ಲಿ ಮಾತ್ರ. ಗಣಿತದ ಪಿಎಚ್‌ಡಿಗೆ ಹೊರಟವರು ಬರೆಯುವಂಥದ್ದು. ಕ್ವಾಂಟ್ ಫೈನಾನ್ಸ್ ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಬಿಕಾಂ ಅಥವಾ ಸಿವಿಲ್ ಓದಿ, ಆಮೇಲೆ ಸ್ವಂತ ಹಟದಿಂದ ಗಣಿತ ಕಲಿತವನಿಗೆ ಅದನ್ನು ತೋರಿಸಲು ಇದೊಂದು ಸಾಕ್ಷಿ. ಬಂದರೆ ಚೆನ್ನಾಗಿ ಬರಬೇಕು. ನಡುಮಟ್ಟದ ಅಂಕ ಬಂದರೆ ಕಳುಹಿಸದೆ ಸುಮ್ಮನಿರಬಹುದು, ಆ ಆಯ್ಕೆ ನಿಮ್ಮ ಕೈಯಲ್ಲೇ ಇದೆ.

ಐಚ್ಛಿಕ ಎಂದರೆ ಯಾರಿಗೆ ಐಚ್ಛಿಕ

2020ರ ಕೋವಿಡ್ ಕಾಲದಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹಲವು ವಿಶ್ವವಿದ್ಯಾಲಯಗಳು ಅಂಕವನ್ನು ಐಚ್ಛಿಕ ಮಾಡಿದವು. ಕೆಲವು ಮತ್ತೆ ಕಡ್ಡಾಯಕ್ಕೆ ಮರಳಿದವು, ಕೆಲವು ಹಾಗೆಯೇ ಉಳಿದವು. ಈ ನಿಯಮ ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೋದ ವರ್ಷ ಸೇರಿದ ಗೆಳೆಯನ ಮಾತನ್ನು ನಂಬದೆ, ಅರ್ಜಿ ಹಾಕುವ ವರ್ಷ ಆ ಕೋರ್ಸಿನ ಪುಟವನ್ನೇ ತೆರೆದು ಓದಿ.

ನಿಮ್ಮ ಅಂಕಪಟ್ಟಿ ತಾನೇ ಮಾತನಾಡುತ್ತದೆಯೇ? ಐಐಎಸ್‌ಸಿಯಲ್ಲಿ, ಐಐಟಿಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಓದಿದವರ ಪಟ್ಟಿಯನ್ನು ಅಲ್ಲಿನ ಸಮಿತಿಗಳು ವರ್ಷಗಟ್ಟಲೆ ಓದಿವೆ. ಅಲ್ಲಿಯ ಪ್ರಾಬಬಿಲಿಟಿಯಲ್ಲಿ 9 ಎಂದರೇನೆಂದು ಅವರಿಗೆ ಗೊತ್ತು. ವಿಟಿಯುಗೆ ಸೇರಿದ ನೂರಾರು ಕಾಲೇಜುಗಳಲ್ಲಿ ಒಂದರ 8.4 ಸಿಜಿಪಿಎ ಎಂದರೇನು? ಕಾರ್ನೆಗಿ ಮೆಲನ್ ಇರುವ ಪಿಟ್ಸ್‌ಬರ್ಗಿನಲ್ಲಿ ಕುಳಿತವರಿಗೆ ಅದನ್ನು ತೂಗಲು ಕಲ್ಲು ಇಲ್ಲ. ಸ್ವಾಯತ್ತ ಕಾಲೇಜು, ಅಧೀನ ಕಾಲೇಜು, ಇಂಟರ್ನಲ್ ಅಂಕ ಇವೆಲ್ಲ ನಮಗೇ ಅರ್ಥವಾಗುವುದು ಕಷ್ಟ. ಅಂಥ ಕಡತದಲ್ಲಿ ಜಗತ್ತಿನ ಎಲ್ಲರೂ ಬರೆದ ಪರೀಕ್ಷೆಯೊಂದರ 169 ಇದ್ದರೆ ಅದೊಂದೇ ಅವರಿಗೆ ಪರಿಚಿತ ಮುಖ. ಆದ್ದರಿಂದ ಐಚ್ಛಿಕ ಎಂದು ಬರೆದಿದ್ದರೂ ತುಮಕೂರು, ಹಾಸನ, ಕಲಬುರಗಿಯ ಕಾಲೇಜುಗಳಿಂದ ಹೋಗುವವರು 167ರ ಮೇಲಿದ್ದರೆ ಕಳುಹಿಸಲೇಬೇಕು ಎನ್ನುವುದು ನನ್ನ ಮತ. ಪರೀಕ್ಷೆ ಬೇಡ ಎಂದಾಗ ಲಾಭ ಹೆಸರಾಂತ ಕಾಲೇಜಿನವರಿಗೆ. ಈ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಗೊತ್ತು.

164ಕ್ಕಿಂತ ಕೆಳಗಿದ್ದು, ಪದವಿಯಲ್ಲಿ ಗಣಿತದ ವಿಷಯಗಳು ಗಟ್ಟಿಯಾಗಿದ್ದರೆ, ಐಚ್ಛಿಕ ಇರುವಲ್ಲಿ ಕಳುಹಿಸಬೇಡಿ. ನಡುವಿನ 164–166 ಇಕ್ಕಟ್ಟಿನ ಜಾಗ. ನನ್ನ ತಮ್ಮ ನಿಂತಿದ್ದುದು ಸರಿಯಾಗಿ ಅಲ್ಲೇ.

ಅಂಕ ಮುಚ್ಚಲಾಗದ ಒಂದು ಕೊರತೆಯೂ ಇದೆ. ಅಮೆರಿಕದ ಹಲವು ಕಡೆ ನಾಲ್ಕು ವರ್ಷದ ಪದವಿ ಬೇಕು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಮೂರು ವರ್ಷದ ಬಿಎಸ್‌ಸಿ ಮುಗಿಸಿದವರು ಎಂಎಸ್‌ಸಿ ಮಾಡಿಕೊಂಡು ಹೋಗುವುದು ಕ್ಷೇಮ. ಅಥವಾ ಒಂದೊಂದು ಕೋರ್ಸಿಗೂ ಮೊದಲೇ ಪತ್ರ ಬರೆದು ಕೇಳಿ. 170 ಇದ್ದರೂ ಅರ್ಹತೆಯ ಕಿಟಕಿಯಲ್ಲಿ ಹಿಂದಿರುಗಿಸಿದರೆ ಪ್ರಯೋಜನವಿಲ್ಲ.

ಮತ್ತೆ ಬರೆಯುವುದೋ, ಆ ಎರಡು ತಿಂಗಳು ಬೇರೆಡೆ ಹಾಕುವುದೋ

ಜಿಆರ್‌ಇಯನ್ನು 21 ದಿನ ಬಿಟ್ಟು ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಸಲ. ಜಿಮ್ಯಾಟ್‌ಗೆ 16 ದಿನದ ಅಂತರ. ಜಿಆರ್‌ಇಯಲ್ಲಿ ಯಾವ ದಿನದ ಅಂಕ ಕಳುಹಿಸಬೇಕೆಂದು ನೀವೇ ಆರಿಸಿಕೊಳ್ಳುವುದರಿಂದ ಕೆಟ್ಟ ಸಲದ ಭಯ ಬೇಡ. ಅಧಿಕೃತ ಅಂಕ ಕೈಸೇರಲು 8ರಿಂದ 10 ದಿನ. ಡಿಸೆಂಬರ್ ಮೊದಲ ವಾರದ ಗಡುವಿಗೆ ನವೆಂಬರ್ ನಡುವಿನ ಪರೀಕ್ಷೆಯೇ ಕೊನೆಯ ಬಸ್. ಬರ್ಕ್ಲಿಯ ಕೋರ್ಸು ಮಾತ್ರ ಮಾರ್ಚಿನಲ್ಲಿ ಶುರುವಾಗುವುದರಿಂದ ಅದರ ಪಂಚಾಂಗವೇ ಬೇರೆ. ಅಂಕ ಐದು ವರ್ಷ ಊರ್ಜಿತ. ಇಂಗ್ಲಿಷ್ ಭಾಷೆಯ ಪರೀಕ್ಷೆಯಾದ ಟೋಫೆಲ್ ಎರಡೇ ವರ್ಷ, ಅದನ್ನು ಬೇಗ ಬರೆದಿಟ್ಟು ಮರೆಯಬೇಡಿ.

ಬರೆಯಬಹುದು ಸರಿ. ಬರೆಯಬೇಕೇ? ನಾನು ತಮ್ಮನಿಗೆ ಮೊದಲು ಕೇಳಿದ್ದು: ತಪ್ಪಾದದ್ದು ಯಾವುದು? ಮನೆಯಲ್ಲಿ ಬರೆದ ಅಣಕು ಪರೀಕ್ಷೆಗಳಲ್ಲಿ 169, 170 ಬರುತ್ತಿದ್ದು, ಅಂದು ಗಡಿಯಾರ ನೋಡಿ ಗಾಬರಿಯಾಗಿ ಎರಡು ಪ್ರಶ್ನೆ ಕೆಟ್ಟಿದ್ದರೆ ಮೂರು ವಾರದಲ್ಲಿ ಮತ್ತೆ ಬರೆಯುವುದು ಒಳ್ಳೆಯ ಜೂಜು. ಅಣಕು ಪರೀಕ್ಷೆಗಳಲ್ಲೂ 165, 166 ಎಂದರೆ ಅದು ನಿಮ್ಮ ಈಗಿನ ಮಟ್ಟ. ಮೇಲೇರಲು ಎರಡು ತಿಂಗಳು ಬೇಕು. ಆ ಎರಡು ತಿಂಗಳಲ್ಲಿ ಬೇರೆ ಏನು ಕೊಳ್ಳಬಹುದು ಎಂದು ಆಗ ಎಣಿಸಬೇಕು.

ಸಮಿತಿಗಳು ಹುಡುಕುವ ಪಟ್ಟಿ ಉದ್ದವೇನಲ್ಲ: ಬಹುಚರ ಕಲನಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಸಮೀಕರಣ, ಪ್ರಾಬಬಿಲಿಟಿ, ಸಿ ಪ್ಲಸ್ ಪ್ಲಸ್ ಅಥವಾ ಪೈಥಾನ್. ನಮ್ಮ ಎಂಜಿನಿಯರಿಂಗ್ ಅಂಕಪಟ್ಟಿಯಲ್ಲಿ ಇವೆಲ್ಲ "ಮ್ಯಾಥಮೆಟಿಕ್ಸ್ 1, 2, 3, 4" ಎಂಬ ಹೆಸರಿನಡಿ ಕಲಸುಮೇಲೋಗರವಾಗಿ ಅಡಗಿರುತ್ತವೆ. ಓದುವವನಿಗೆ ಲೀನಿಯರ್ ಆಲ್ಜೀಬ್ರಾ ಓದಿದ್ದೀರೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಪಠ್ಯಕ್ರಮದ ಪುಟಗಳನ್ನು ಜೋಡಿಸಿ, ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಎಂದು ಒಂದು ಪುಟದ ಕೋಷ್ಟಕ ಮಾಡಿ, ಅರ್ಜಿಯಲ್ಲಿ ಜಾಗ ಕೊಟ್ಟಲ್ಲಿ ಸೇರಿಸಿ. ಇದಕ್ಕೆ ಬೇಕಾದದ್ದು ಒಂದು ಭಾನುವಾರ. ನನ್ನ ಪ್ರಕಾರ ಇದು 166ನ್ನು 168 ಮಾಡುವುದಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ.

ಪ್ರಾಬಬಿಲಿಟಿಯ ಒಂದು ಗಟ್ಟಿ ಕೋರ್ಸನ್ನು ಅಂಕಸಹಿತ ಮುಗಿಸುವುದು ಇನ್ನೊಂದು ದಾರಿ. ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಕೋರ್ಸುಗಳಿವೆ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆದರೆ ಪ್ರಮಾಣಪತ್ರವೂ ಬರುತ್ತದೆ. ಬರೂಕ್‌ನವರು ಕ್ವಾಂಟ್‌ನೆಟ್ ಎಂಬ ಜಾಲತಾಣದ ಜೊತೆ ನಡೆಸುವ ಸಿ ಪ್ಲಸ್ ಪ್ಲಸ್ ಆನ್‌ಲೈನ್ ಕೋರ್ಸು ಈ ಬಳಗದಲ್ಲಿ ಎಲ್ಲರಿಗೂ ಗೊತ್ತು. ಶಿಫಾರಸು ಪತ್ರವೂ ಇದೇ ಸಾಲಿನದು. "ಇವನು ಶಿಸ್ತಿನ ವಿದ್ಯಾರ್ಥಿ, ಸನ್ನಡತೆಯವನು" ಎಂಬ ಪತ್ರ ನಮ್ಮ ಕಾಲೇಜುಗಳಲ್ಲಿ ಅಚ್ಚು ಹಾಕಿಟ್ಟಂತೆ ಸಿಗುತ್ತದೆ. ಅದರ ಬದಲು ಬ್ಯಾಂಕಿನ ಮ್ಯಾನೇಜರ್ ಬಳಿ ಹೋಗಿ, ತಾನು ಸರಿಪಡಿಸಿದ ಲೆಕ್ಕದ ಮಾದರಿ (ಮಾಡೆಲ್) ಯಾವುದು, ಅದರಿಂದ ಏನು ಬದಲಾಯಿತು ಎಂದು ನಾಲ್ಕು ಸಾಲು ಬರೆಯಿಸಿಕೊಂಡರೆ ಅದು ಓದಿಸಿಕೊಳ್ಳುತ್ತದೆ.

ಪರೀಕ್ಷೆಯೇ ಕೇಳದವರು, ಪರೀಕ್ಷೆಯನ್ನೇ ನಂಬಿದವರು

ಅಂಕದ ಗೊಡವೆ ಬೇಡ ಎನ್ನುವವರು ಇಂಗ್ಲೆಂಡ್ ಕಡೆ ನೋಡುತ್ತಾರೆ. ಆಕ್ಸ್‌ಫರ್ಡಿನ ಮ್ಯಾಥಮೆಟಿಕಲ್ ಅಂಡ್ ಕಂಪ್ಯುಟೇಷನಲ್ ಫೈನಾನ್ಸ್ ಎಂಎಸ್‌ಸಿ ಜಿಆರ್‌ಇ ಕೇಳುವುದಿಲ್ಲ. ಆದರೆ ಇದರಿಂದ ಸುಲಭವಾಯಿತು ಎಂದುಕೊಳ್ಳಬೇಡಿ: ಪರೀಕ್ಷೆಯ ಭಾರವೆಲ್ಲ ಪದವಿಯ ಫಲಿತಾಂಶದ ಮೇಲೆ, ಅದರಲ್ಲೂ ಗಣಿತದ ವಿಷಯಗಳ ಮೇಲೆ ಬೀಳುತ್ತದೆ. ಎರಡನೆಯ ವರ್ಷ ಸೋಮಾರಿತನದಲ್ಲಿ ಕಳೆದವನಿಗೆ ಅಮೆರಿಕದಲ್ಲಿ ಒಂದು ಒಳ್ಳೆಯ ಅಂಕದ ಆಸರೆ ಇದೆ, ಇಲ್ಲಿ ಇಲ್ಲ.

ಇದಕ್ಕೆ ತದ್ವಿರುದ್ಧ ನಮ್ಮ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂ.ಸ್ಟ್ಯಾಟ್, ಅಂದರೆ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ. ಅಲ್ಲಿ ಉದ್ದೇಶಪತ್ರ, ಶಿಫಾರಸು ಯಾವುದಕ್ಕೂ ತೂಕವಿಲ್ಲ. ಸಂಸ್ಥೆಯದೇ ಪ್ರವೇಶ ಪರೀಕ್ಷೆ, ಅದರ ಮೇಲೊಂದು ಸಂದರ್ಶನ. ಸಾಧಿಸಿ ತೋರಿಸುವ ಗಣಿತ ಅದು. ಜಿಆರ್‌ಇಯಲ್ಲಿ 170 ತೆಗೆದವರು ಅಲ್ಲಿ ಒದ್ದಾಡಿದ್ದನ್ನು ನೋಡಿದ್ದೇನೆ. ಅದನ್ನು ಮುಗಿಸಿದವರು ಬೆಂಗಳೂರಿನ ಬ್ಯಾಂಕುಗಳ ಕ್ವಾಂಟ್ ತಂಡಗಳಲ್ಲಿ ಎದುರಾಗುತ್ತಲೇ ಇರುತ್ತಾರೆ. ಸಾಲ ಮಾಡಿ ಅಮೆರಿಕಕ್ಕೆ ಹೋಗುವ ಮೊದಲು ಈ ದಾರಿಯ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಇಳಿಸಿಕೊಂಡು ಒಂದು ಸಂಜೆ ಕುಳಿತು ನೋಡಿ. ಪತ್ರಿಕೆ ಬಿಡಿಸುವಾಗ ಹೊತ್ತು ಹೋದದ್ದು ತಿಳಿಯಲಿಲ್ಲವೆಂದರೆ ಅಮೆರಿಕದ ಸಂದರ್ಶನಕ್ಕೂ ಅರ್ಧ ತಯಾರಿ ಆದಂತೆ.

ತಮ್ಮನ ಅಣಕು ಪರೀಕ್ಷೆಗಳ ಅಂಕ ಕೇಳಿದೆ: 168, 165, 167, 166. ಇದ್ದ ಮಟ್ಟವೇ ಬಂದಿತ್ತು. ಕಡ್ಡಾಯ ಇರುವ ನಾಲ್ಕು ಕಡೆಗೆ ಇದೇ ಅಂಕ ಕಳುಹಿಸುವುದು, ಐಚ್ಛಿಕ ಇರುವಲ್ಲಿ ಕೋಷ್ಟಕದ ಜೊತೆಗೆ ಅದನ್ನೂ ಕಳುಹಿಸುವುದು, ಅಕ್ಟೋಬರ್‌ವರೆಗೆ ಪ್ರಾಬಬಿಲಿಟಿ, ಆಮೇಲೂ ಉಸಿರಿದ್ದರೆ ನವೆಂಬರ್ ಮೊದಲ ವಾರದಲ್ಲಿ ಇನ್ನೊಂದು ಸಲ ಎಂದು ಒಪ್ಪಿಕೊಂಡ. 166ರವನು ಐಚ್ಛಿಕ ಇರುವಲ್ಲಿ ಕಳುಹಿಸಬೇಕೇ ಎನ್ನುವುದರ ಬಗ್ಗೆ ಹತ್ತು ನಿಮಿಷ ವಾದ ನಡೆಯಿತು; ಅವನ ಕಾಲೇಜನ್ನು ಅಲ್ಲಿ ಯಾರೂ ಕೇಳಿಲ್ಲ ಎನ್ನುವ ಕಾರಣಕ್ಕೆ ಕಳುಹಿಸು ಎಂದೆ.

ಫೋನ್ ಇಡುವ ಮೊದಲು ನೆನಪಾಗಿ ಪಾಸ್‌ಪೋರ್ಟ್ ತೆಗೆದು ಹೆಸರು ಓದು ಎಂದೆ. ಅಂಕಪಟ್ಟಿಯಲ್ಲಿ ಅವನ ಹೆಸರಿನ ಹಿಂದೆ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರಿನ ಹೆಸರೂ ಅಪ್ಪನ ಹೆಸರೂ ಆಗಿ, ಉಪನಾಮದ ಜಾಗ ಖಾಲಿ. ಜಿಆರ್‌ಇ ಖಾತೆಯಲ್ಲಿ ಮೂರನೆಯ ಬಗೆ. ಅರ್ಜಿ, ಅಂಕ, ಪಾಸ್‌ಪೋರ್ಟ್ ಮೂರೂ ಒಂದೇ ಹೆಸರಿನಲ್ಲಿಲ್ಲದಿದ್ದರೆ ಅಂಕ ಹೋಗಿ ಬೇರೆ ಯಾರದೋ ಕಡತ ಸೇರಬಹುದು ಎಂದಾಗ, 166ಕ್ಕೆ ಆಗದಷ್ಟು ಗಾಬರಿ ಅವನಿಗೆ ಅದಕ್ಕೆ ಆಯಿತು.